ಬೋಡೋ ಮತ್ತು ಲಿಥುವೇನಿಯನ್ ಪಕ್ಕಪಕ್ಕ ಇಟ್ಟು ನೋಡುವುದು ಹೇಗೆ?

ಮಲ್ಪೆ ದಕ್ಕೆಯ ಹತ್ತಿರ ಒಂದು ಐಸ್ ಪ್ಲಾಂಟ್‌ನಲ್ಲಿ ನಾನು ಲೆಕ್ಕ ಬರೆಯುವವನು. ಭಾಷಾಶಾಸ್ತ್ರ ಓದಿದವನಲ್ಲ. ನಮ್ಮಲ್ಲಿ ಐಸ್ ಒಡೆಯುವ ಹುಡುಗ ಅಸ್ಸಾಮಿನ ಕೊಕ್ರಾಝಾರ್ ಕಡೆಯವನು, ಮನೆಮಾತು ಬೋಡೋ. ಅಕ್ಕನ ಮಗಳು ಲಿಥುವೇನಿಯಾದ ಕೌನಸ್‌ನಲ್ಲಿ ಮೆಡಿಕಲ್ ಓದುತ್ತಾಳೆ. ರೋಗಿಗಳ ಹತ್ತಿರ ಮಾತಾಡಬೇಕಲ್ವಾ, ಅಲ್ಲಿನ ಭಾಷೆ ಕಲಿಯುತ್ತಿದ್ದಾಳೆ. ಅವಳು ವಾಟ್ಸಾಪಿನಲ್ಲಿ ಪದ ಕಳಿಸುತ್ತಾಳೆ, ಇವನು ಚಾ ಕುಡಿಯುವಾಗ ಹೇಳುತ್ತಾನೆ. ಎರಡೂ ಒಂದೇ ನೋಟ್‌ಬುಕ್ಕಿಗೆ. ನಿಮಗೂ ಇಂಥ ಹುಚ್ಚಿದ್ದರೆ ನಾನು ಎಡವಿದ ಜಾಗ ಮೊದಲೇ ಹೇಳಿಬಿಡುತ್ತೇನೆ.

ಒಂದೇ ಥರ ಕೇಳುವ ಪದ ಹುಡುಕಿಕೊಂಡು ಶುರು ಮಾಡಬೇಡಿ. ಮೊದಲ ವಾರವೇ ಹುಡುಗ ಮೊಬೈಲಿನಲ್ಲಿ ಡಿ, ಡಬ್ಲ್ಯೂ, ಐ ಅಂತ ಒಂದು ಪದ ಟೈಪ್ ಮಾಡಿ ಕಳಿಸಿದ. ಕೌನಸ್‌ನಿಂದ ಬಂದದ್ದು ಡಿ, ವಿ, ಐ. ಅವಳದ್ದರ ಅರ್ಥ ‘ಎರಡು’. ನಮ್ಮ ‘ದ್ವಿ’ ಕೂಡ ಅದೇ! ಖುಷಿಯಲ್ಲಿ ಮೂರನ್ನೂ ಒಂದೇ ಸಾಲಿಗೆ ಬರೆದು ಕೆಳಗೆ ಎರಡು ಗೆರೆ ಎಳೆದೆ. ಹುಡುಗನಿಗೆ ತೋರಿಸಿದರೆ ನಕ್ಕ. “ಇಲ್ಲ ಆದಾ,” ಅಂತ ನೀರಿನ ಬಾಟಲಿ ಎತ್ತಿ ತೋರಿಸಿದ. ಬೋಡೋದಲ್ಲಿ ಅದು ನೀರು. (ಆದಾ ಅಂದರೆ ಅಣ್ಣ.)

ಹಾಗಾಗಿ ಮೊದಲು ಒಂದೊಂದು ಭಾಷೆಯ ನೆಂಟರನ್ನು ಹುಡುಕಿ. ಬೋಡೋ ಟಿಬೆಟೊ-ಬರ್ಮನ್ ಗುಂಪಿನದ್ದು. ನೀರಿಗೆ ಅಸ್ಸಾಮಿನದೇ ಇನ್ನೊಂದು ಭಾಷೆ ದಿಮಾಸಾದಲ್ಲಿ ‘ದಿ’, ತ್ರಿಪುರಾದ ಕೊಕ್‌ಬೊರೊಕ್ ಭಾಷೆಯಲ್ಲಿ ‘ತ್ವಿ’. ಬಂತಲ್ಲ ಮನೆತನ! ಲಿಥುವೇನಿಯನ್ ಬಾಲ್ಟಿಕ್ ಗುಂಪಿನದ್ದು, ಇಂಡೋ-ಯುರೋಪಿಯನ್ ಕುಟುಂಬ. ಅಂದರೆ ಸಂಸ್ಕೃತಕ್ಕೆ ದೂರದ ದಾಯಾದಿ. ಬೆಂಕಿಗೆ ಉಗ್ನಿಸ್, ಮಗನಿಗೆ ಸೂನುಸ್; ಸಂಸ್ಕೃತದಲ್ಲಿ ಅಗ್ನಿ, ಸೂನು. ಆದರೂ ಒಂದು ಜೋಡಿ ಸಿಕ್ಕಿತು ಅಂತ ನಂಬಬೇಡಿ, ಸಾಲು ಬೇಕು. ನೂರು ‘ಶಿಮ್ತಸ್’, ಹತ್ತು ‘ದೆಶಿಮ್ತ್’, ನಾಯಿ ‘ಶುಓ’. ಶತ, ದಶ, ಶ್ವಾನ ಪಕ್ಕದಲ್ಲಿ ಬರೆಯಿರಿ. ಮೂರರಲ್ಲೂ ‘ಶ’ ಇದ್ದ ಜಾಗದಲ್ಲೇ ಇದೆ. ಇದು ಆಕಸ್ಮಿಕ ಅಲ್ಲ.

ಲಿಪಿ ನೋಡಿಯೂ ಮೋಸ ಹೋಗಬೇಡಿ. ಬೋಡೋವನ್ನು 1975ರಿಂದ ದೇವನಾಗರಿಯಲ್ಲಿ ಬರೆಯುತ್ತಾರೆ. ಅದಕ್ಕೆ ಮೊದಲು ರೋಮನ್ ಲಿಪಿ ಬೇಕೆಂದು ದೊಡ್ಡ ಚಳವಳಿಯೇ ನಡೆದಿತ್ತು. ಲಿಥುವೇನಿಯನ್ನರಿಗೆ ರಷ್ಯಾದ ಚಕ್ರವರ್ತಿಗಳು 1864ರಿಂದ 1904ರವರೆಗೆ ರೋಮನ್ ಅಕ್ಷರದಲ್ಲಿ ಪುಸ್ತಕ ಅಚ್ಚು ಹಾಕಲು ಬಿಡಲಿಲ್ಲ. ಜನ ಗಡಿಯಾಚೆ ಅಚ್ಚು ಹಾಕಿಸಿ ಕದ್ದು ತಂದು ಓದಿದರು. ಲಿಪಿಗೂ ಸಂಬಂಧಕ್ಕೂ ಏನೂ ಇಲ್ಲ. ಅಕ್ಷರ ಕಳೆದುಕೊಂಡ ತುಳುವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಎರಡನ್ನೂ ಕನ್ನಡದಲ್ಲಿ, ಕಿವಿಗೆ ಕೇಳಿದ ಹಾಗೆ ಬರೆಯುತ್ತೇನೆ. ತುಳು ಬಂದರೆ ಒಂದು ಲಾಭ ಇದೆ. ‘ರಡ್ಡ್’, ‘ಪತ್ತ್’ ಅನ್ನುವಾಗ ಕೊನೆಯಲ್ಲಿ ತುಟಿ ಮುಂದೆ ಮಾಡದೆ ಒಂದು ಅರೆ ಉಕಾರ ಬರುತ್ತಲ್ಲ, ಹೆಚ್ಚುಕಡಿಮೆ ಅದೇ ಸ್ವರ ಬೋಡೋದಲ್ಲಿ ಹೆಜ್ಜೆಹೆಜ್ಜೆಗೂ ಇದೆ. ಹುಡುಗನ ‘ನೀರು’ ಕೂಡ ಅದರಲ್ಲೇ, ‘ದುಯ್’. ನೋಟ್‌ಬುಕ್ಕಿನಲ್ಲಿ ಅಂಥ ಉಕಾರದ ಮೇಲೆ ಕೆಂಪು ಚುಕ್ಕೆ ಇಡುತ್ತೇನೆ.

ಯಾವ ಪದ ಕೇಳಬೇಕು? ನೀರು, ಬೆಂಕಿ, ಕಣ್ಣು, ನಾನು, ನೀನು. ಇಂಥವುಗಳ ಸಿದ್ಧ ಪಟ್ಟಿಯೇ ಇದೆ, ಸ್ವಾದೇಶ್ ಪಟ್ಟಿ ಅಂತ. ನಮ್ಮ ಖಾದಿ ಭಂಡಾರದ ಸ್ವದೇಶಿ ಅಲ್ಲ, ಮಾರಿಸ್ ಸ್ವಾದೇಶ್ ಅನ್ನುವ ಅಮೆರಿಕದ ವಿದ್ವಾಂಸನ ಹೆಸರು. ಚಹಾದಂಥ ಪದ ಬೇರೆ ಪುಟಕ್ಕೆ ಹಾಕಿ. ಬೋಡೋದಲ್ಲಿ ‘ಸಾಹಾ’, ಅಸ್ಸಾಮಿಯಿಂದ ಬಂದದ್ದು. ಲಿಥುವೇನಿಯನ್ನಿನಲ್ಲಿ ‘ಅರ್ಬಾತಾ’, ಪೋಲಿಷ್‌ನಿಂದ ಬಂದದ್ದು. ಅವು ವ್ಯಾಪಾರದ ದಾರಿ ತೋರಿಸುತ್ತವೆ, ಅಷ್ಟೇ.

ನನ್ನ ಪ್ರಕಾರ ಮಜಾ ಇರುವುದು ಪದದಲ್ಲಲ್ಲ, ಎಣಿಕೆಯಲ್ಲಿ. ಒಂದು ದಿನ ಬಂಗುಡೆ ಬುಟ್ಟಿ ಮುಂದಿಟ್ಟುಕೊಂಡು ಹುಡುಗನಿಗೆ ಎಣಿಸು ಅಂದೆ. ಮೀನಿಗೆ ‘ನಾ’. ನಾ ಮಾಸೆ, ನಾ ಮಾನುಯ್, ನಾ ಮಾಥಾಮ್. ಮತ್ತೆ ನಮ್ಮ ಕೆಲಸದವರನ್ನು ಎಣಿಸಿದ: ಸಾಸೆ, ಸಾನುಯ್, ಸಾಥಾಮ್. ಸೆ, ನುಯ್, ಥಾಮ್ ಅಂದರೆ ಒಂದು, ಎರಡು, ಮೂರು. ಮುಂದಿನ ‘ಮಾ’ ಪ್ರಾಣಿಗೆ, ‘ಸಾ’ ಮನುಷ್ಯರಿಗೆ. ಹಣ್ಣಾದರೆ ‘ಥಾಯ್’, ಥಾಯ್‌ಸೆ. ನಾವು ಎರಡು ಮೀನು, ಇಬ್ಬರು ಜನ ಅನ್ನುತ್ತೇವಲ್ಲ, ಅದರ ಅಣ್ಣ ಇದು.

ಅದೇ ಪ್ರಶ್ನೆ ಕೌನಸ್‌ಗೆ ಕಳಿಸಿದೆ. “ಮಾಮ, ಇಲ್ಲಿ ಮೀನು ಹೆಂಗಸು,” ಅಂತ ಉತ್ತರ. ಎರಡು ಮೀನಿಗೆ ‘ದ್ವಿ ಜುವೀಸ್’, ಇಬ್ಬರು ಗಂಡಸರಿಗೆ ‘ದು ವೀರೈ’. ಅಲ್ಲಿ ಮನುಷ್ಯನೋ ಪ್ರಾಣಿಯೋ ಅಂತ ಯಾರೂ ಕೇಳುವುದಿಲ್ಲ, ಪದ ಗಂಡೋ ಹೆಣ್ಣೋ ಅಂತ ಕೇಳುತ್ತಾರೆ. ಒಂದು ಮೀನು ‘ಜುವಿಸ್’, ಕೆಲವು ಮೀನು ‘ಜುವೀಸ್’, ವ್ಯತ್ಯಾಸ ಬರೀ ಇಕಾರದ ಉದ್ದ. ಹತ್ತು ಮೀನು ಅಂದರೆ ಮತ್ತೆ ರೂಪ ಬದಲು, ‘ದೆಶಿಮ್ತ್ ಜುವೂ’. ಹತ್ತು ‘ಮೀನುಗಳ’ ಅಂದ ಹಾಗೆ, ಷಷ್ಠಿ ವಿಭಕ್ತಿ. ನನ್ನ ಲೆಕ್ಕದ ಪುಸ್ತಕ ಈ ಭಾಷೆಯಲ್ಲಿ ಬರೆಯಬೇಕಾಗಿದ್ದರೆ ಕೆಲಸ ಬಿಡುತ್ತಿದ್ದೆ.

ಆಮೇಲೆ ‘ಇಲ್ಲ’ ಅನ್ನಿಸಿ. “ನಾನು ಮೀನು ತಿನ್ನುತ್ತೇನೆ” ಬೋಡೋದಲ್ಲಿ ‘ಆಂಗ್ ನಾ ಜಾಯು’. ತಿನ್ನುವುದಿಲ್ಲ ಅಂದರೆ ‘ಆಂಗ್ ನಾ ಜಾಯಾ’. ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ, ನಿಷೇಧವೂ ಅದರ ಬಾಲದಲ್ಲಿ. ನಾನು, ನೀನು, ಅವಳು ಯಾರೇ ತಿಂದರೂ ‘ಜಾಯು’ವೇ, ಅದು ಮಾತ್ರ ನಮ್ಮ ಹಾಗಲ್ಲ. ಲಿಥುವೇನಿಯನ್ನಿನಲ್ಲಿ ‘ವಾಲ್ಗೌ’ ಅಂದರೆ ತಿನ್ನುತ್ತೇನೆ, ಮುಂದೆ ‘ನೆ’ ಹಚ್ಚಿದರೆ ‘ನೆವಾಲ್ಗೌ’. ಜತೆಗೆ ಮೀನಿನ ವಿಭಕ್ತಿಯೂ ಬದಲಾಗುತ್ತದೆ. ತಿಂದರೆ ದ್ವಿತೀಯಾ, ತಿನ್ನದಿದ್ದರೆ ಷಷ್ಠಿ!

ಕೊನೆಗೆ, ಪದ ಬರೆಸಿಕೊಂಡರೆ ಸಾಲದು, ರೆಕಾರ್ಡ್ ಮಾಡಿ. ಬೋಡೋದಲ್ಲಿ ದನಿ ಏರಿಳಿದರೆ ಅರ್ಥ ಬೇರೆಯಾಗುತ್ತದೆ. ಲಿಥುವೇನಿಯನ್ನಿನಲ್ಲಿ ‘ಔಕ್ಶ್ತಸ್’ ಅಂದರೆ ರಾಗ ನೋಡಿಕೊಂಡು ‘ಎತ್ತರದ’ ಅಂತಲೂ ಆಗುತ್ತದೆ, ಕಟ್ಟಡದ ಮಹಡಿ ಅಂತಲೂ ಆಗುತ್ತದೆ. ಅವಳು ಎರಡನ್ನೂ ಹತ್ತು ಸಲ ಹೇಳಿ ಕಳಿಸಿದ್ದಾಳೆ, ನನಗೆ ಇನ್ನೂ ಒಂದೇ ಥರ ಕೇಳುತ್ತದೆ. ಹುಡುಗನ ದನಿಯನ್ನು ಮಾತ್ರ ಐಸ್ ಕ್ರಷರ್ ನಿಲ್ಲಿಸಿದ ಮೇಲೆ, ಕ್ಯಾಬಿನ್ ಬಾಗಿಲು ಹಾಕಿ ಹಿಡಿಯುತ್ತೇನೆ. ಮೊದಲ ರೆಕಾರ್ಡಿಂಗಿನಲ್ಲಿ ಹದಿನೈದು ನಿಮಿಷ ಬರೀ ಐಸ್ ಒಡೆಯುವ ಸದ್ದೇ ಇತ್ತು.