ಪರ್ಫ್ಯೂಮಿಗೆ 14 ದಿನ ಬಿಡುವು: ನಾನು ಅನುಸರಿಸುವ ಕ್ರಮ

ಒಂದೇ ಪರ್ಫ್ಯೂಮನ್ನು ದಿನಾ ಹಾಕಿಕೊಳ್ಳುತ್ತಾ ಹೋದರೆ ಕೆಲವು ವಾರಗಳಲ್ಲಿ ಅದರ ಘಮ ನಮಗೇ ಗೊತ್ತಾಗುವುದಿಲ್ಲ. ಎರಡು ಸಲ ಒತ್ತುವ ಕಡೆ ಐದು ಸಲ ಒತ್ತುತ್ತೇವೆ, ಪಕ್ಕದಲ್ಲಿ ಕೂತವರಿಗೆ ತಲೆನೋವು. ಬಾಟಲಿಯೊಳಗಿನದೂ ಕೆಟ್ಟಿಲ್ಲ, ಮೂಗೂ ಕೆಟ್ಟಿಲ್ಲ. ಒಂದೇ ಸಮ ಬರುತ್ತಲೇ ಇರುವ ವಾಸನೆಯನ್ನು ಮೂಗಿನ ನರಕೋಶಗಳೂ ಮಿದುಳೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಅಷ್ಟೆ. ನಿಮಿಷಗಳಲ್ಲಿ ಕವಿದ ಮಂಕು ಹೊರಗಿನ ಗಾಳಿಗೆ ಬೇಗ ಕಳೆಯುತ್ತದೆ. ವಾರಗಟ್ಟಲೆ ಆದ ರೂಢಿ ಬಿಡಲು ವಾರಗಳೇ ಹಿಡಿಯಬಹುದು. ಅದಕ್ಕೇ ನಾನು ಪೂರ್ತಿ 14 ದಿನ ಬಿಡುತ್ತೇನೆ. ಎರಡು ದಿನದ ಬಿಡುವು ಸಾಲದು.

ಬಾಟಲಿಯನ್ನು ಕಪಾಟಿಗೆ ಸೇರಿಸಿದ ಮಾತ್ರಕ್ಕೆ ಬಿಡುವಾಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಗ್ಯಾಲಕ್ಸೊಲೈಡ್‌ನಂಥ ಮಸ್ಕುಗಳು, ಅಂದರೆ ಕಸ್ತೂರಿಯ ಘಮ ಕೊಡುವ ಕೃತಕ ವಸ್ತುಗಳು, ಪರ್ಫ್ಯೂಮಿನಲ್ಲೂ ಇರುತ್ತವೆ, ಬಟ್ಟೆ ತೊಳೆಯುವ ಡಿಟರ್ಜೆಂಟಿನಲ್ಲೂ ಇರುತ್ತವೆ. ಒಗೆದ ಮೇಲೂ ಬಟ್ಟೆಗೆ ಅಂಟಿಕೊಂಡಿರುತ್ತವೆ ಎಂದೇ ಅವನ್ನು ಹಾಕುವುದು. ಹಗಲು ಪರ್ಫ್ಯೂಮ್ ಬಿಟ್ಟು ರಾತ್ರಿಯಿಡೀ ಅದೇ ಮಸ್ಕಿನ ದಿಂಬಿಗೆ ಮುಖ ಒತ್ತಿ ಮಲಗಿದರೆ ಏನು ಬಂತು? ಮೊದಲ ದಿನವೇ ದಿಂಬಿನ ಕವರು, ಹೊದಿಕೆ, ಟವೆಲ್ಲುಗಳನ್ನು ಪರಿಮಳವಿಲ್ಲದ ಡಿಟರ್ಜೆಂಟಿನಲ್ಲಿ ಎರಡು ಸಲ ಒಗೆಯುತ್ತೇನೆ. ಫ್ಯಾಬ್ರಿಕ್ ಕಂಡೀಷನರ್ ಹಾಕುವುದಿಲ್ಲ. ಸೋಪು, ಶಾಂಪೂ, ಡಿಯೋಡರೆಂಟುಗಳಿಗೂ ಇದೇ ನಿಯಮ. 'ಅನ್‌ಸೆಂಟೆಡ್' ಎಂಬ ಲೇಬಲ್ಲನ್ನು ನಂಬಬೇಡಿ: ಕಚ್ಚಾವಸ್ತುಗಳ ವಾಸನೆ ಮುಚ್ಚಲು ಅದರಲ್ಲಿ ಬೇರೆ ಪರಿಮಳ ಬೆರೆಸಿರಬಹುದು. ಪ್ಯಾಕಿನ ಹಿಂಬದಿಯಲ್ಲಿರುವ ಪದಾರ್ಥಗಳ ಪಟ್ಟಿಯಲ್ಲಿ 'ಪರ್ಫ್ಯೂಮ್' ಅಥವಾ 'ಫ್ರೇಗ್ರೆನ್ಸ್' ಎಂದಿದೆಯೇ ನೋಡಿ.

ಉಣ್ಣೆ ಪರಿಮಳವನ್ನು ತಿಂಗಳುಗಟ್ಟಲೆ ಹಿಡಿದಿಡಬಲ್ಲದು. ನಾನು ಮಫ್ಲರನ್ನು ಮಡಚಿ, ಜಿಪ್ ಕವರಿನಲ್ಲಿ ಹಾಕಿ ಒಂದು ಗಂಟೆ ಮುಚ್ಚಿಡುತ್ತೇನೆ. ಆಮೇಲೆ ಹೊರಗೆ ಹತ್ತು ನಿಮಿಷ ಅಡ್ಡಾಡಿ ಬಂದು, ಕವರಿನ ಬಾಯಿ ತೆರೆದು ತಕ್ಷಣ ಮೂಸಬೇಕು. ಘಮ್ಮೆಂದರೆ ಅದನ್ನು 14 ದಿನ ಕವರಿನಲ್ಲೇ ಬಿಡುತ್ತೇನೆ. ಚರ್ಮದ ವಾಚ್ ಪಟ್ಟಿಯನ್ನೂ ಹೀಗೇ ಪರೀಕ್ಷಿಸಿ.

ನಡುವೆ ಕಾಫಿ ಬೀಜ ಮೂಸುವುದರಿಂದ ಪ್ರಯೋಜನವಿಲ್ಲ. ಅದೂ ಒಂದು ಗಾಢ ವಾಸನೆಯೇ. ಬಿಡುವಿನಲ್ಲಿ ಬೇರೆ ವಾಸನೆಗಳೂ ಸಿಗದೇ ಹೋದರೆ ಅದು ರೂಢಿಯಲ್ಲ. ನೆಗಡಿಯೂ ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

15ನೆಯ ದಿನ ಮೊದಲು ಕಾಗದ, ಆಮೇಲೆ ಮೈ. ನುಣುಪಿಲ್ಲದ ದಪ್ಪ ಕಾಗದವನ್ನು 15 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ತುದಿಗೆ ಒಂದೇ ಸಲ ಒತ್ತಿ, ಆಲ್ಕೋಹಾಲಿನ ಘಾಟು ಹೋಗಲು ಅರ್ಧ ನಿಮಿಷ ಬಿಡುತ್ತೇನೆ. ಮೂಗಿಗೆ ತಾಗಿಸದೆ ಎರಡು ಮೂರು ಸಣ್ಣ ಉಸಿರು ಸಾಕು. ದೀರ್ಘವಾಗಿ ಎಳೆದರೆ ಅಲ್ಲೇ ಮತ್ತೆ ಮಂಕು. ಮೈಗಾದರೆ ಮುಂಗೈಗೆ ಒಂದು ಸಲ. ಕುತ್ತಿಗೆ, ಎದೆ ಬೇಡ: ಮೈ ಬಿಸಿಗೆ ಘಮ ನೇರ ಮೂಗಿಗೇ ಏರುತ್ತದೆ. 10 ನಿಮಿಷ, 1 ಗಂಟೆ, 4 ಗಂಟೆಗೆ ಏನು ಸಿಕ್ಕಿತೆಂದು ಬರೆದಿಡಿ. ನಾಲ್ಕನೆಯ ಗಂಟೆಗೆ ಏನೂ ಸಿಗದಿದ್ದರೆ ಇನ್ನೊಬ್ಬರನ್ನು ಕೇಳಿ. ಅವರಿಗೆ ಸಿಕ್ಕಿದರೆ ಮತ್ತೆ ಒತ್ತಬೇಡಿ. ಕೆಲವು ಮಸ್ಕುಗಳು ಕೆಲವರ ಮೂಗಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ.

ಆಮೇಲೆ ಒಂದನ್ನೇ ಸತತ ಎರಡು ದಿನ ಹಾಕುವುದಿಲ್ಲ. ಬಾಟಲಿ ಬದಲಾದರೂ ತಳದಲ್ಲಿ, ಅಂದರೆ ಕೊನೆಯವರೆಗೆ ಉಳಿಯುವ ಘಮದಲ್ಲಿ, ಅದೇ ಆಂಬ್ರಾಕ್ಸಾನ್, ಅದೇ ಐಸೋ ಇ ಸೂಪರ್ (ಆಂಬರ್, ಮರದ ಘಮದ ಕೃತಕ ವಸ್ತುಗಳು) ಇದ್ದರೆ ಮೂಗಿನ ಪಾಲಿಗೆ ಏನೂ ಬದಲಾಗಿಲ್ಲ. ಹಾಗಾಗಿ ಆಂಬರ್ ಛಾಯೆಯದರ ಮರುದಿನ ನಿಂಬೆ, ಕಿತ್ತಳೆಯ ಹಗುರ ಕೊಲೋನ್ ಹಾಕುತ್ತೇನೆ, ಮೂರನೆಯ ದಿನ ಏನೂ ಇಲ್ಲ.