ಕ್ಲ್ಯಾಟ್ ಅಂಕ ಕಡಿಮೆ ಬಂದವರಿಗೆ ಕಾನೂನು ಪದವಿಯ ಇತರ ದಾರಿಗಳು

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪರೀಕ್ಷೆ ಈಗ ಡಿಸೆಂಬರ್‌ನಲ್ಲೇ ಮುಗಿಯುತ್ತದೆ. ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ಅದರ ನಂತರ ಬರುತ್ತದೆ. ಈ ಕ್ರಮವನ್ನು ವಿದ್ಯಾರ್ಥಿಗಳೂ ಪೋಷಕರೂ ಗಮನದಲ್ಲಿ ಇಟ್ಟುಕೊಳ್ಳಬೇಕು. 120 ಪ್ರಶ್ನೆಗಳಿರುವ, ತಪ್ಪು ಉತ್ತರಕ್ಕೆ ತಲಾ ಕಾಲು ಅಂಕ ಕಳೆಯುವ ಎರಡು ಗಂಟೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಮನನೊಂದು ಪಿಯುಸಿ ಓದನ್ನೇ ಸಡಿಲ ಬಿಡುವುದುಂಟು. ಆದರೆ ಕರ್ನಾಟಕದಲ್ಲಿ ಐದು ವರ್ಷದ ಕಾನೂನು ಪದವಿಗೆ ಇರುವ ಅತಿ ದೊಡ್ಡ ದಾರಿ ನಿಂತಿರುವುದು ಆ ಪಿಯುಸಿ ಅಂಕಗಳ ಮೇಲೆಯೇ.

2009ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳಿವೆ. ಈ ಕಾಲೇಜುಗಳಲ್ಲಿ ಬಿಎ ಎಲ್‌ಎಲ್‌ಬಿಯಂತಹ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕವೂ, ಮೂರು ವರ್ಷದ ಎಲ್‌ಎಲ್‌ಬಿಗೆ ಪದವಿಯ ಅಂಕವೂ ಆಧಾರವಾಗುತ್ತವೆ. ಕ್ಲ್ಯಾಟ್ ಬರೆದಿರಬೇಕೆಂಬ ನಿಯಮವಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) 2008ರ ನಿಯಮಗಳ ಪ್ರಕಾರ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಇತರ ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 40 ಅಂಕ ಬೇಕು. ಕನಿಷ್ಠ ಅಂಕ ಇದ್ದ ಮಾತ್ರಕ್ಕೆ ಸೀಟು ಸಿಗುತ್ತದೆ ಎಂದಲ್ಲ. ಬೇಡಿಕೆ ಹೆಚ್ಚಿರುವ ಕಾಲೇಜುಗಳಲ್ಲಿ ಸೀಟು ಸಿಗುವ ಅಂಕ ಇದಕ್ಕಿಂತ ಬಹಳ ಮೇಲಿರುತ್ತದೆ. ಪಿಯುಸಿಯಲ್ಲೂ ಅಂಕ ಸಾಲದೆ ಬಂದರೆ, ಉತ್ತೀರ್ಣರಾದವರು ಕೂಡ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ಬರೆಯುವ ಅವಕಾಶವಿದೆ, ಅದನ್ನು ಬಿಡಬಾರದು.

ಕ್ಲ್ಯಾಟ್ ರ‍್ಯಾಂಕ್ ತೀರ ಹಿಂದಿಲ್ಲದಿದ್ದರೆ ಅದನ್ನು ಪೂರ್ತಿ ಬಳಸಿಕೊಳ್ಳದೆ ಕೈಬಿಡುವುದು ಸರಿಯಲ್ಲ. ಕೌನ್ಸೆಲಿಂಗ್ ಹಲವು ಸುತ್ತುಗಳಲ್ಲಿ ನಡೆಯುತ್ತದೆ, ಮತ್ತು ಕೊನೆಯ ಸುತ್ತುಗಳಲ್ಲಿ ಸೀಟು ಸಿಗುವ ರ‍್ಯಾಂಕ್ ಮೊದಲ ಪಟ್ಟಿಗಿಂತ ಸಾಕಷ್ಟು ಕೆಳಗಿಳಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕನಿಷ್ಠ ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಶೇ. 25ರಷ್ಟು ಸಮತಲ ಮೀಸಲಾತಿ, ಅಂದರೆ ಎಲ್ಲ ವರ್ಗಗಳ ಸೀಟುಗಳೊಳಗೂ ಅನ್ವಯಿಸುವ ಮೀಸಲಾತಿ ಇದೆ. ಅರ್ಹರಾಗಿದ್ದೂ ಅರ್ಜಿಯಲ್ಲಿ ಅದನ್ನು ನಮೂದಿಸದೆ ಹೋದರೆ ಆ ಅನುಕೂಲ ಕೈತಪ್ಪುತ್ತದೆ. ಕ್ಲ್ಯಾಟ್‌ಗೆ ಸಂಬಂಧವಿಲ್ಲದ ಪ್ರವೇಶ ಪರೀಕ್ಷೆಗಳೂ ಇವೆ: ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐಲೆಟ್, ಸಿಂಬಯೋಸಿಸ್‌ನ ಸ್ಲ್ಯಾಟ್, ಮಹಾರಾಷ್ಟ್ರದ ಎಂಎಚ್-ಸಿಇಟಿ. ಬೆಳಗಾವಿ, ವಿಜಯಪುರದ ಕಡೆಯವರಿಗೆ ಪುಣೆ ದೂರವಲ್ಲದ ಕಾರಣ ಕೊನೆಯದನ್ನು ಅವರು ವಿಶೇಷವಾಗಿ ಪರಿಶೀಲಿಸಬಹುದು.

ಒಂದು ವರ್ಷ ಬಿಟ್ಟು ಮತ್ತೆ ಬರೆಯಲು ಅಡ್ಡಿಯಿಲ್ಲ. ಕ್ಲ್ಯಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲ. ಆದರೂ ಬೇರಾವ ಪ್ರವೇಶವೂ ಕೈಯಲ್ಲಿಲ್ಲದೆ ವರ್ಷವಿಡೀ ಮನೆಯಲ್ಲಿ ಕುಳಿತು ಸಿದ್ಧರಾಗುವುದನ್ನು ನಾನು ಎಲ್ಲರಿಗೂ ಹೇಳಲಾರೆ. ಗುರಿಗೆ ಕೆಲವೇ ಅಂಕ ಕಡಿಮೆಯಾಗಿದ್ದು, ಎಲ್ಲಿ ತಪ್ಪಾಯಿತೆಂಬುದು ಸ್ಪಷ್ಟವಾಗಿದ್ದರೆ ಮಾತ್ರ ಅದು ಯೋಗ್ಯ. ಸ್ಥಳೀಯ ಕಾಲೇಜಿನ ಮೊದಲ ವರ್ಷಕ್ಕೆ ಸೇರಿಕೊಂಡೇ ಮುಂದಿನ ಡಿಸೆಂಬರ್‌ನ ಪರೀಕ್ಷೆಗೆ ಕೂರುವುದು ಬಹಳ ಜನರಿಗೆ ಒಗ್ಗುವ ಮಾರ್ಗ. ಆಗ ಸೀಟು ಸಿಕ್ಕರೆ ಅಲ್ಲಿ ಮೊದಲ ವರ್ಷದಿಂದಲೇ ಆರಂಭಿಸಬೇಕಾಗುತ್ತದೆ ಎಂಬುದು ಗೊತ್ತಿರಲಿ.

ಮೂರು ವರ್ಷದ ಎಲ್‌ಎಲ್‌ಬಿಯನ್ನು ಎರಡನೆಯ ದರ್ಜೆಯ ದಾರಿ ಎಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಬಿಕಾಂ ಓದಿ ಬಂದವನಿಗೆ ತೆರಿಗೆ ಕಾನೂನು, ವಿಜ್ಞಾನ ಓದಿ ಬಂದವಳಿಗೆ ಪೇಟೆಂಟ್ ವಿಷಯಗಳು ಬೇಗ ಹಿಡಿತಕ್ಕೆ ಸಿಗುತ್ತವೆ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ ಎಂಬುದಷ್ಟೇ ಅದರ ಬೆಲೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ, ಅದರ ಪ್ರವೇಶಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆಯನ್ನಿಟ್ಟಿದೆ. ಹದಿನೆಂಟನೆಯ ವಯಸ್ಸಿನಲ್ಲಿ ಕ್ಲ್ಯಾಟ್‌ನಿಂದ ಸಿಗದ ಕಾಲೇಜಿಗೆ ಪದವಿ ಮುಗಿಸಿ ಅರ್ಜಿ ಹಾಕಬಹುದು.

ಯಾವ ದಾರಿ ಹಿಡಿದರೂ ಶುಲ್ಕ ಕಟ್ಟುವ ಮೊದಲು ಕೆಲವು ವಿಷಯಗಳನ್ನು ಪರಿಶೀಲಿಸಲೇಬೇಕು. ಕಾಲೇಜಿಗೆ, ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಕಾಲೇಜಿನವರ ಮಾತಿನಿಂದಲ್ಲ, ಪರಿಷತ್ತಿನ ಪಟ್ಟಿಯಿಂದಲೂ ವಿಶ್ವವಿದ್ಯಾಲಯದ ಪಟ್ಟಿಯಿಂದಲೂ ತಿಳಿದುಕೊಳ್ಳಿ. ದೂರಶಿಕ್ಷಣದ ಎಲ್‌ಎಲ್‌ಬಿಯಿಂದ ವಕೀಲಿ ಸನ್ನದು ಸಿಗುವುದಿಲ್ಲ. ಪದವಿ ಇದೆಯೆಂದು ಐದು ವರ್ಷದ ಕೋರ್ಸಿನ ನಡುವಿನ ವರ್ಷಕ್ಕೆ ನೇರವಾಗಿ ಸೇರಿಸುತ್ತೇವೆ ಎನ್ನುವವರನ್ನು ನಂಬಬೇಡಿ. ನಿಯಮಗಳು ಅದನ್ನು ನಿಷೇಧಿಸಿವೆ. ಎಲ್‌ಎಲ್‌ಬಿ ಜೊತೆಯಲ್ಲಿ ಮತ್ತೊಂದು ಪದವಿ ಕೋರ್ಸಿಗೆ ನೋಂದಾಯಿಸಿಕೊಳ್ಳುವುದಕ್ಕೂ ಅವು ಅವಕಾಶ ಕೊಡುವುದಿಲ್ಲ. ಹತ್ತನೇ ತರಗತಿ, ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರ ಪದವಿ ಪಡೆದವರು ಎಲ್‌ಎಲ್‌ಬಿಗೆ ಅರ್ಹರಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ ಕ್ರಮವಾಗಿ ಮುಗಿಸಿ ದೂರಶಿಕ್ಷಣದಲ್ಲಿ ಪದವಿ ಪಡೆದವರಿಗೆ ಈ ತೊಡಕಿಲ್ಲ. ಉದ್ಯೋಗದಲ್ಲಿರುವವರು ಪ್ರತಿ ವಿಷಯಕ್ಕೆ ಶೇ. 70 ಹಾಜರಿಯ ನಿಯಮವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಕಾಲೇಜನ್ನು ಆರಿಸುವಾಗ ಕಟ್ಟಡಕ್ಕಿಂತ ನ್ಯಾಯಾಲಯದ ಸಾಮೀಪ್ಯವನ್ನು ನೋಡಿ. ಮಧ್ಯಾಹ್ನದ ತರಗತಿ ಮುಗಿಸಿ ಜಿಲ್ಲಾ ನ್ಯಾಯಾಲಯದಲ್ಲಿ ವಾದ ಕೇಳಿಬರಲು, ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಓದಲು ಸಾಧ್ಯವಾಗುವ ಊರು ವಿದ್ಯಾರ್ಥಿಗೆ ಬಹಳಷ್ಟು ಕಲಿಸುತ್ತದೆ. ಬೆಳಗಾವಿಯ ರಾಜಾ ಲಖಮಗೌಡ, ಉಡುಪಿಯ ವೈಕುಂಠ ಬಾಳಿಗಾ, ಮಂಗಳೂರಿನ ಎಸ್‌ಡಿಎಂ ಕಾಲೇಜುಗಳಿಗೆ ದೀರ್ಘ ಪರಂಪರೆಯಿದೆ; ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಎಸ್. ಅಬ್ದುಲ್ ನಜೀರ್ ಓದಿದ್ದು ಎಸ್‌ಡಿಎಂನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಉತ್ತರವನ್ನು ಕನ್ನಡದಲ್ಲಿ ಬರೆಯುವ ಅವಕಾಶದ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಿಕೊಳ್ಳಲಿ; ಜೊತೆಗೆ ಇಂಗ್ಲಿಷ್ ತೀರ್ಪುಗಳನ್ನು ಮೊದಲ ಸೆಮಿಸ್ಟರಿನಿಂದಲೇ ಓದುವ ಅಭ್ಯಾಸವನ್ನೂ ಮಾಡಿಕೊಳ್ಳಲಿ, ಏಕೆಂದರೆ ಹೈಕೋರ್ಟಿನ ಕಲಾಪ ನಡೆಯುವುದು ಆ ಭಾಷೆಯಲ್ಲಿ.

ಪದವಿಯ ನಂತರ ವಕೀಲಿ ಮಾಡುವವರೆಲ್ಲರೂ ಒಂದೇ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಪಾಸಾಗಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ, ಸುಪ್ರೀಂ ಕೋರ್ಟಿನ 2025ರ ಮೇ ತೀರ್ಪಿನ ಪ್ರಕಾರ, ಮೂರು ವರ್ಷದ ವಕೀಲಿ ಅನುಭವ ಬೇಕು. ಎಲ್ಲಿ ಓದಿದಿರಿ ಎಂಬುದು ಅರ್ಹತೆಯ ಪ್ರಶ್ನೆಯಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲೇ ಓದಬೇಕೆಂಬ ಆಸೆ ಉಳಿದಿದ್ದರೆ, ಎಲ್‌ಎಲ್‌ಬಿಯಲ್ಲಿ ಶೇ. 50, ಪರಿಶಿಷ್ಟರಾದರೆ ಶೇ. 45 ಅಂಕ ಗಳಿಸಿ ಎಲ್‌ಎಲ್‌ಎಂಗಾಗಿ ಸ್ನಾತಕೋತ್ತರ ಕ್ಲ್ಯಾಟ್ ಬರೆಯಬಹುದು.