"ಇದಕ್ಕೆ ಮದ್ದು ಇದೆಯಾ?": ಮಗನ ಅಪರೂಪದ ಕಾಯಿಲೆ ಮತ್ತು ನನ್ನ ಅನುಭವ

ಮಗನ ಜೀನ್ ರಿಪೋರ್ಟ್ ಕೈಗೆ ಬಂದಾಗ ಎಲ್ಲ ತಂದೆತಾಯಿಯರ ಹಾಗೆ ನಾನೂ ಕೇಳಿದ್ದು ಒಂದೇ, "ಇದಕ್ಕೆ ಮದ್ದು ಇದೆಯಾ?" ಡಾಕ್ಟರ್ ಇಲ್ಲ ಅಂದರು. ಈ ಪ್ರಶ್ನೆಗೆ ಇಲ್ಲ ಅನ್ನೋ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ನಮ್ಮ ಕೆಲಸ ಮುಂದಕ್ಕೆ ಸಾಗಿದ್ದು "ಒಳಗೆ ಕೆಟ್ಟಿರೋದು ಏನು, ಅದು ಹೇಗೆ ಕೆಟ್ಟಿದೆ?" ಅಂತ ಕೇಳೋಕೆ ಶುರು ಮಾಡಿದ ಮೇಲೆ. ನಾನು ವಿಜ್ಞಾನ ಓದಿದವಳಲ್ಲ, ಲೆಕ್ಕಪತ್ರ ನೋಡುವವಳು. ಆದರೂ ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕೋದು ಆಗದ ಕೆಲಸವೇನಲ್ಲ.

ಮಗನಿಗೆ ಇರುವುದು ಎಸ್‌ಎಲ್‌ಸಿ6ಎ1 ಅನ್ನುವ ಜೀನಿನ ದೋಷ. ಇದರಿಂದ ಮಕ್ಕಳಲ್ಲಿ ಮೂರ್ಛೆರೋಗ ಬರುತ್ತದೆ ಅಂತ ಮೊದಲ ಬಾರಿ ಪ್ರಕಟವಾದದ್ದು 2015ರಲ್ಲಿ, ಅಂದರೆ ತೀರಾ ಇತ್ತೀಚೆಗೆ. ಅವನಿಗೆ ಮೂರು ಥರದ ತೊಂದರೆ. ನಿಂತಲ್ಲೇ ಕಣ್ಣು ಒಂದೇ ಕಡೆ ನೆಟ್ಟು ಕೆಲವು ಕ್ಷಣ ಇಲ್ಲಿ ಇಲ್ಲದಂತಾಗುತ್ತಾನೆ. ಒಮ್ಮೊಮ್ಮೆ ಕತ್ತು ಜೋಲಿ ಹೊಡೆದು ಬೀಳುತ್ತಾನೆ. ಮಾತು ತುಂಬಾ ತಡ. ಮೂರ್ಛೆ ಅಂದ ತಕ್ಷಣ ಜನ ಕೈಕಾಲು ಬಡಿಯುವುದನ್ನೇ ಊಹಿಸಿಕೊಳ್ಳುತ್ತಾರೆ. ಅದಕ್ಕೇ ಈ ನೆಟ್ಟ ನೋಟವನ್ನು "ಏನೋ ಯೋಚನೆ ಮಾಡ್ತಿದ್ದಾನೆ" ಅಂತ ಹೇಳಿದವರೇ ಜಾಸ್ತಿ.

ರಿಪೋರ್ಟಿನಲ್ಲಿ ನಾನು ಮೊದಲು ಓದಲು ಕಲಿತದ್ದು ಒಂದೇ ಸಾಲು. 288ನೇ ಜಾಗದಲ್ಲಿ ಅಲನೀನ್ ಬದಲು ವ್ಯಾಲೀನ್ ಬಂದಿದೆ ಅನ್ನುವ ಸಾಲು. ಈ ಜೀನ್ ಮಾಡುವ ಪ್ರೋಟೀನಿನಲ್ಲಿ ಮಣಿಸರದ ಹಾಗೆ ಪೋಣಿಸಿದ ಒಟ್ಟು 599 ಅಮೈನೋ ಆಮ್ಲಗಳು ಇರುತ್ತವೆ, ಅಲನೀನ್, ವ್ಯಾಲೀನ್ ಅಂಥ ಮಣಿಗಳು, ಅದರಲ್ಲಿ ಒಂದು ಬದಲಾಗಿದೆ. ಅದರ ಪಕ್ಕದಲ್ಲಿ "ರೋಗಕಾರಕ ಇರಬಹುದು" ಅಂತ ಒಂದು ದರ್ಜೆ. ಇಂಥ ರಿಪೋರ್ಟುಗಳಲ್ಲಿ ಐದು ದರ್ಜೆ ಇರುತ್ತವೆ: ರೋಗಕಾರಕ, ರೋಗಕಾರಕ ಇರಬಹುದು, ಅರ್ಥ ಖಚಿತವಿಲ್ಲ, ನಿರುಪದ್ರವಿ ಇರಬಹುದು, ನಿರುಪದ್ರವಿ. ಮೂರನೆಯದು ಬಂದರೆ ತಲೆ ಕೆಡುತ್ತದೆ. ಆಗ ಮಾಡಬೇಕಾದ ಕೆಲಸ ತಂದೆತಾಯಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಡುವುದು. ನಮ್ಮಿಬ್ಬರಲ್ಲೂ ಆ ಬದಲಾವಣೆ ಇರಲಿಲ್ಲ, ಮಗನಲ್ಲಿ ಹೊಸದಾಗಿ ಆಗಿತ್ತು. ಹೀಗೆ ಗೊತ್ತಾದರೆ ದರ್ಜೆ ಮೇಲಕ್ಕೆ ಹೋಗಬಹುದು, ನಮ್ಮದು ಹೋಯಿತು. ರಿಪೋರ್ಟನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಿಸಬೇಕು. ಜೀನ್ ಅದೇ ಇರುತ್ತದೆ, ಆದರೆ ಅದರ ಬಗ್ಗೆ ಜಗತ್ತಿಗೆ ಗೊತ್ತಿರುವುದು ಬದಲಾಗುತ್ತಲೇ ಇರುತ್ತದೆ.

ಇನ್ನು ಕೆಟ್ಟಿರುವುದು ಏನು? ಈ ಜೀನ್ ಮಾಡುವ ಪ್ರೋಟೀನಿನ ಹೆಸರು ಗ್ಯಾಟ್-1. ಗಾಬಾ ಅನ್ನುವ ರಾಸಾಯನಿಕ ಮೆದುಳಿನಲ್ಲಿ ನರಕೋಶಗಳ ಅಬ್ಬರ ತಗ್ಗಿಸುತ್ತದೆ. ಅದರ ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುವ ಪಂಪು ಈ ಗ್ಯಾಟ್-1. ಪಂಪು ಕೆಲಸ ಮಾಡದಿದ್ದರೆ ಗಾಬಾ ಹೊರಗೇ ಉಳಿಯುತ್ತದೆ. ಹಾಗಾದರೆ ಮೆದುಳು ಇನ್ನೂ ಶಾಂತವಾಗಬೇಕು ಅಲ್ವಾ? ನನಗೂ ಹಾಗೇ ಅನಿಸಿತ್ತು. ಹಾಗಾಗುವುದಿಲ್ಲ. 2009ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕ ವಿಂಚೆಂಜೊ ಕ್ರುನೆಲ್ಲಿ ಅವರ ತಂಡ ಇಲಿಗಳಲ್ಲಿ ತೋರಿಸಿದ್ದು ಹೀಗೆ: ಮೆದುಳಿನ ಥಾಲಮಸ್ ಅನ್ನುವ ಭಾಗದಲ್ಲಿ ಗ್ಯಾಟ್-1 ಸೋತರೆ ಗಾಬಾದ ಹಿಡಿತ ಅತಿಯಾಗುತ್ತದೆ, ಅದರಿಂದಲೇ ಆ ನೆಟ್ಟ ನೋಟದ ಮೂರ್ಛೆ ಬರುತ್ತದೆ.

ಇದನ್ನು ಓದಿದ ದಿನವೇ ನನಗೆ ಪ್ರಶ್ನೆ ಬದಲಿಸಿದ್ದರ ಬೆಲೆ ತಿಳಿದದ್ದು. ಯಾಕಂದ್ರೆ ಮೂರ್ಛೆಗೆ ಕೊಡುವ ಟಯಾಗಬೀನ್ ಅನ್ನುವ ಔಷಧ ಒಂದಿದೆ. ಅದು ಕೆಲಸ ಮಾಡುವುದೇ ಗ್ಯಾಟ್-1ನ್ನು ತಡೆದು! ಆಗಲೇ ಅರ್ಧ ನಿಂತಿರುವ ಪಂಪನ್ನು ಪೂರ್ತಿ ನಿಲ್ಲಿಸಿದಂತೆ. ವಿಗಾಬಟ್ರಿನ್ ಕೂಡ ಬೇರೆ ದಾರಿಯಲ್ಲಿ ಗಾಬಾವನ್ನು ಜಾಸ್ತಿ ಮಾಡುತ್ತದೆ. ಎರಡೂ ಸುಮ್ನೆ "ಮೂರ್ಛೆ ಔಷಧ" ಅಂತ ಒಂದೇ ಪಟ್ಟಿಯಲ್ಲಿ ಇರುತ್ತವೆ. ನಮ್ಮ ನರರೋಗ ತಜ್ಞರಿಗೆ ಇದನ್ನು ತೋರಿಸಿದೆ. ಅವರು ಪೂರ್ತಿ ಓದಿ, ಮಗನ ಫೈಲಿನ ಮೊದಲ ಪುಟದಲ್ಲೇ ಈ ಎರಡು ಹೆಸರನ್ನು ಎಚ್ಚರಿಕೆಯ ಕೆಳಗೆ ಬರೆದರು. ನಂತರ ವಾಲ್ಪ್ರೊಯೇಟ್ ಅನ್ನುವ ಇನ್ನೊಂದು ಮೂರ್ಛೆ ಔಷಧ ಶುರು ಮಾಡಿದರು. ಎಸ್‌ಎಲ್‌ಸಿ6ಎ1 ಇರುವ ಬಹಳ ಮಕ್ಕಳಿಗೆ ಅದು ಒಗ್ಗುತ್ತದೆ ಅಂತ ವರದಿಗಳಿವೆ, ಮಗನಿಗೂ ಒಗ್ಗಿತು. ಬೀಳುವುದು ನಿಂತಿತು, ನೆಟ್ಟ ನೋಟ ಕಡಿಮೆಯಾಯಿತು. ಆದರೆ ಇದೇ ವಾಲ್ಪ್ರೊಯೇಟ್ ಪಿಒಎಲ್‌ಜಿ ಜೀನಿನ ದೋಷ ಇರುವ ಮಗುವಿಗೆ ಕೊಟ್ಟರೆ ಲಿವರ್ ಕೈಕೊಟ್ಟು ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ನಮ್ಮ ಮಗನಿಗೆ ಒಗ್ಗಿದ್ದನ್ನು ಬೇರೆ ಮಗುವಿಗೆ ದಯವಿಟ್ಟು ಯಾರೂ ಕೇಳಿ ಕೊಡಿಸಬೇಡಿ.

ಏನು ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ಮದ್ದು ಸಿಕ್ಕಿಬಿಡುವ ಕೆಲವು ಅಪರೂಪದ ಕಾಯಿಲೆಗಳೂ ಇವೆ. ಎಎಲ್‌ಡಿಎಚ್7ಎ1 ಜೀನಿನ ಮೂರ್ಛೆ ವಿಟಮಿನ್ ಬಿ6ಗೆ ಬಗ್ಗುತ್ತದೆ. ಗ್ಲುಟ್-1 ಕೊರತೆಯಲ್ಲಿ ಸಕ್ಕರೆ ಮೆದುಳಿನೊಳಗೆ ಹೋಗುವ ಬಾಗಿಲೇ ಸರಿಯಿರುವುದಿಲ್ಲ, ಅದಕ್ಕೆ ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರ ಕೊಡುತ್ತಾರೆ. ರೈಬೊಫ್ಲೇವಿನ್ (ವಿಟಮಿನ್ ಬಿ2) ಸಾಗಿಸುವ ಪ್ರೋಟೀನ್ ಕೆಟ್ಟ ಮಕ್ಕಳಿಗೆ ದೊಡ್ಡ ಡೋಸಿನಲ್ಲಿ ರೈಬೊಫ್ಲೇವಿನ್ನೇ ಮದ್ದು. ಇಂಥ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಂಡ ಮೇಲೇ ದೂರದ ಹುಡುಕಾಟಕ್ಕೆ ಹೋಗಬೇಕು.

ಮುಂದಿನದು ಹೇಗೆ ಕೆಟ್ಟಿದೆ ಅನ್ನುವುದು. ಇದರ ಮೇಲೇ ಎಲ್ಲ ನಿಂತಿದೆ. ಪ್ರತಿ ಮಗುವಿಗೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಮಗನಲ್ಲಿ ಒಂದು ಸರಿ ಇದೆ. ಕೆಲವು ಮಕ್ಕಳಲ್ಲಿ ಕೆಟ್ಟ ಪ್ರತಿಯಿಂದ ಪ್ರೋಟೀನೇ ಹುಟ್ಟುವುದಿಲ್ಲ. ಇನ್ನು ಕೆಲವರಲ್ಲಿ ಹುಟ್ಟುತ್ತದೆ, ಆದರೆ ಸರಿಯಾಗಿ ಮಡಚಿಕೊಳ್ಳದೆ ಜೀವಕೋಶದ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡದ್ದು ಒಳ್ಳೆಯ ಪ್ರೋಟೀನನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳಬಹುದು. ಮೊದಲಿನ ಥರದವರಿಗೆ ಇನ್ನೊಂದು ಒಳ್ಳೆಯ ಪ್ರತಿ ಕೊಡುವ ಜೀನ್ ಥೆರಪಿ ನೇರವಾದ ಉಪಾಯ. ಎರಡನೆಯ ಥರದವರಿಗೆ ಮಡಚಿಕೊಳ್ಳಲು ನೆರವಾಗುವ ಔಷಧವೂ ಯೋಚಿಸಬಹುದಾದದ್ದು.

ಅಂಥ ಒಂದು ಔಷಧ ಹಳೆಯದೇ ಇತ್ತು: ಫಿನೈಲ್‌ಬ್ಯುಟಿರೇಟ್. ರಕ್ತದಲ್ಲಿ ಅಮೋನಿಯಾ ಏರುವ ಯೂರಿಯಾ ಸೈಕಲ್ ಕಾಯಿಲೆಗಳಿಗೆ ಅಮೆರಿಕದಲ್ಲಿ 1996ರಲ್ಲೇ ಅನುಮತಿ ಸಿಕ್ಕಿದ್ದ ಔಷಧ ಅದು. ಅಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜಿಂಗ್-ಚಿಯೊಂಗ್ ಕಾಂಗ್ ಅವರ ತಂಡ ಅದನ್ನು ಎಸ್‌ಎಲ್‌ಸಿ6ಎ1 ದೋಷವಿರುವ ಜೀವಕೋಶಗಳಲ್ಲೂ ಇಲಿಗಳಲ್ಲೂ ಪ್ರಯೋಗಿಸಿತು. ಗಾಬಾ ಎಳೆದುಕೊಳ್ಳುವ ಶಕ್ತಿ ಏರಿತು, ಮೂರ್ಛೆ ಕಡಿಮೆಯಾಯಿತು ಅಂತ 2022ರಲ್ಲಿ ಪ್ರಕಟಿಸಿತು. ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ಮೇಲೆ ಒಂದು ಸಣ್ಣ ಪ್ರಯೋಗವೂ ಶುರುವಾಗಿತ್ತು. ಪ್ಲಸೀಬೋ (ಹೋಲಿಸಿ ನೋಡಲು ಕೊಡುವ, ಔಷಧವಿಲ್ಲದ ಹುಸಿ ಮದ್ದು) ಇಲ್ಲದ ಪ್ರಯೋಗ, ಅಂದರೆ ಎಲ್ಲರಿಗೂ ಔಷಧವೇ.

ಈ ಪ್ಲಸೀಬೋ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಗುವಿನ ಕಾಯಿಲೆಗೆ ತಂದೆತಾಯಿಯೇ ಮದ್ದು ಹುಡುಕಿದ ಕತೆ ಅಂದರೆ ಎಲ್ಲರೂ ಒಡೋನೆ ದಂಪತಿಯ ಹೆಸರು ಹೇಳುತ್ತಾರೆ. ಅವರ ಮಗ ಲೊರೆಂಜೊಗೆ ಎಎಲ್‌ಡಿ, ಅಂದರೆ ಉದ್ದ ಕೊಬ್ಬಿನಾಮ್ಲಗಳು ದೇಹದಲ್ಲಿ ಸೇರಿಕೊಂಡು ನರಗಳು ಹಾಳಾಗುವ ಕಾಯಿಲೆ, ಅಂತ 1984ರಲ್ಲಿ ಗೊತ್ತಾಯಿತು. ತಂದೆ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ. ಓಲಿಯಿಕ್ ಮತ್ತು ಎರೂಸಿಕ್ ಆಮ್ಲಗಳ ಎಣ್ಣೆಯಿಂದ ರಕ್ತದಲ್ಲಿನ ಉದ್ದ ಕೊಬ್ಬಿನಾಮ್ಲ ಇಳಿಸಬಹುದು ಅಂತ ಅವರು ಕಂಡುಕೊಂಡರು. ಆಗಲೇ ಹಾಳಾದ ನರಗಳನ್ನು ಆ ಎಣ್ಣೆ ಸರಿಮಾಡಲಿಲ್ಲ. 2005ರಲ್ಲಿ ನರರೋಗ ತಜ್ಞ ಹ್ಯೂಗೋ ಮೋಸರ್ ಅವರ ತಂಡ, ಇನ್ನೂ ಲಕ್ಷಣ ಕಾಣಿಸದ ಹುಡುಗರಲ್ಲಿ ಅದು ಅಪಾಯ ತಗ್ಗಿಸುವಂತಿದೆ ಅಂತ ಬರೆಯಿತು. ಆದರೆ ಆ ಅಧ್ಯಯನದಲ್ಲೂ ಹೋಲಿಸಿ ನೋಡಲು ಎಣ್ಣೆ ಕೊಡದ ಗುಂಪು ಇರಲಿಲ್ಲ. ಅಷ್ಟು ವರ್ಷಗಳ ದುಡಿಮೆಯ ಮೇಲೂ ಒಂದು ಪ್ರಶ್ನೆ ಉಳಿದೇ ಹೋಯಿತು ನೋಡಿ.

ಹಾಗಾಗಿ ಡಾಕ್ಟರ್ ಒಪ್ಪಿ ಫಿನೈಲ್‌ಬ್ಯುಟಿರೇಟ್ ಕೊಟ್ಟು ನೋಡೋಣ ಅಂದಾಗ, ಅಳೆಯುವ ವ್ಯವಸ್ಥೆ ಆಗುವವರೆಗೆ ಶುರು ಮಾಡುವುದು ಬೇಡ ಅಂತ ನಾನೇ ಹಟ ಹಿಡಿದೆ. ಅಮ್ಮನ ಕಣ್ಣನ್ನು ನಂಬುವ ಹಾಗಿಲ್ಲ. ಹೊಸ ಔಷಧ ಹೊಟ್ಟೆಗೆ ಹೋದ ದಿನದಿಂದ ಮಗು ಚುರುಕಾಗಿ ಕಾಣಲು ಶುರುವಾಗುತ್ತದೆ! ಜೊತೆಗೆ ಈ ಕಾಯಿಲೆಯಲ್ಲಿ ಒಳ್ಳೆಯ ವಾರ, ಕೆಟ್ಟ ವಾರ ತಾವಾಗಿಯೇ ಬಂದುಹೋಗುತ್ತವೆ. ಔಷಧ ಶುರು ಮಾಡುವುದು ಸಾಮಾನ್ಯವಾಗಿ ಕೆಟ್ಟ ವಾರದಲ್ಲಿ, ಆಮೇಲೆ ಬರುವ ಒಳ್ಳೆಯ ವಾರದ ಹೆಸರೆಲ್ಲ ಔಷಧಕ್ಕೇ ಹೋಗುತ್ತದೆ.

ನಾವು ಮಾಡಿದ್ದು ಇಷ್ಟು. ದಿನವೂ ಒಂದೇ ಹೊತ್ತಿಗೆ, ಮಗ ಒಂದೇ ಆಟ ಆಡುವಾಗ, ಕ್ಯಾಮೆರಾವನ್ನು ಒಂದೇ ಜಾಗದಲ್ಲಿಟ್ಟು ಹತ್ತು ನಿಮಿಷ ವಿಡಿಯೋ. ಮುಖ ಪೂರ್ತಿ ಕಾಣಬೇಕು, ಕಣ್ಣು ಕಾಣಲೇಬೇಕು. ಔಷಧಕ್ಕೆ ಮುಂಚೆ ಕೆಲವು ವಾರ, ಶುರುವಾದ ಮೇಲೂ ಹಾಗೇ. ಫೈಲುಗಳಿಂದ ತಾರೀಖು ತೆಗೆದು ಅಂಕಿ ಕೊಟ್ಟು ಕಲಸಿಬಿಟ್ಟೆ. ಯಾವ ಅಂಕಿ ಯಾವ ದಿನದ್ದು ಅನ್ನುವ ಪಟ್ಟಿ ಬೇರೆ ಕಡೆ ಬೀಗದಲ್ಲಿತ್ತು. ವಿಡಿಯೋ ನೋಡಿ ಎಣಿಸಿದವಳು ನನ್ನ ತಂಗಿ, ಔಷಧ ಯಾವಾಗ ಶುರುವಾಯಿತು ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಕೊಟ್ಟಿದ್ದ ನಿಯಮ ಒಂದೇ: ಕೈ ಆಟ ನಿಲ್ಲಿಸಬೇಕು, ಕಣ್ಣು ನೆಟ್ಟಿರಬೇಕು, ಹೆಸರು ಕರೆದರೂ ತಿರುಗಬಾರದು, ಮೂರೂ ಆದರೆ ಮಾತ್ರ ಒಂದು ಎಣಿಕೆ. ಜೊತೆಗೆ ಡಾಕ್ಟರ್ ಮೊದಲು ಮತ್ತು ನಂತರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ, ಮಾಡಿಸಿದರು. ರಕ್ತದಲ್ಲಿ ಅಮೋನಿಯಾ, ಪೊಟ್ಯಾಸಿಯಂ, ಬೈಕಾರ್ಬೊನೇಟ್, ಲಿವರ್ ನೋಡುತ್ತಲೇ ಇದ್ದರು.

ಆ ಔಷಧದ ರುಚಿ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಸೋಡಿಯಂ ಫಿನೈಲ್‌ಬ್ಯುಟಿರೇಟ್ ಕಹಿ ಅಂದರೆ ಕಹಿ, ವಾಸನೆ ಬೇರೆ. ಮಗ ಮೊದಲ ದಿನಗಳಲ್ಲಿ ಉಗುಳಿದ್ದೇ ಜಾಸ್ತಿ. ಉಗುಳಿದ್ದನ್ನೂ ಬರೆದಿಟ್ಟೆವು. ಒಳಗೆ ಹೋಗದ ಔಷಧವನ್ನು ಲೆಕ್ಕಕ್ಕೆ ಹಿಡಿಯಬಾರದಲ್ಲ.

ಪಟ್ಟಿ ತೆರೆದು ಹೋಲಿಸಿದಾಗ ಕಂಡದ್ದು: ನೆಟ್ಟ ನೋಟ ಸ್ಪಷ್ಟವಾಗಿ ಇಳಿದಿತ್ತು, ಇಇಜಿಯೂ ಅದನ್ನೇ ಹೇಳಿತು. ಮಾತಿನಲ್ಲಿ ಬದಲಾವಣೆ ಇರಲಿಲ್ಲ. ನನಗೆ ಮಾತ್ರ ಅವನು ಜಾಸ್ತಿ ಶಬ್ದ ಹೇಳುತ್ತಿದ್ದಾನೆ ಅಂತ ಅನಿಸಿತ್ತು, ತಂಗಿಯ ಎಣಿಕೆಯಲ್ಲಿ ಅದು ಇರಲಿಲ್ಲ. ಒಂದು ಮಗುವಿನ ಲೆಕ್ಕ ಇದು, ಯಾವ ಸಿದ್ಧಾಂತವೂ ಅಲ್ಲ. ಆದರೆ ಔಷಧ ಮುಂದುವರಿಸಬೇಕೋ ಬೇಡವೋ ಅಂತ ನಿರ್ಧರಿಸಲು ನಮಗೂ ಡಾಕ್ಟರಿಗೂ ಸಾಕಾಯಿತು.

ಈ ನಡುವೆ ಒಂದು ಕ್ಲಿನಿಕ್ ಸ್ಟೆಮ್ ಸೆಲ್ ಚಿಕಿತ್ಸೆ ಮಾಡುತ್ತೇವೆ ಅಂತ ಬೆನ್ನು ಬಿದ್ದಿತ್ತು. ನಾನು ಕೇಳಿದ್ದು ಅದೇ ಪ್ರಶ್ನೆ: ಮಗನ ಮೆದುಳಿನ ತುಂಬ ಹರಡಿರುವ ಈ ಪಂಪನ್ನು ನಿಮ್ಮ ಸೆಲ್ ಹೇಗೆ ಸರಿಮಾಡುತ್ತದೆ? ಉತ್ತರವಾಗಿ ಬೇರೆ ಮಕ್ಕಳ ವಿಡಿಯೋ ಕಳಿಸಿದರು. ಅವುಗಳಲ್ಲಿ ಒಂದರಲ್ಲೂ ಜೀನಿನ ಹೆಸರಿರಲಿಲ್ಲ. ಅಷ್ಟೇ, ನಂಬರ್ ಬ್ಲಾಕ್ ಮಾಡಿದೆ.

ಸಂಶೋಧಕರು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಹತ್ತಿರದವರು. ದೊಡ್ಡ ಕಷ್ಟದ ಕತೆ ಬರೆದರೆ ಅವರಿಗೆ ಏನು ಉತ್ತರ ಕೊಡಬೇಕು ಅಂತ ತೋಚುವುದಿಲ್ಲ. ನಾನು ಐದೇ ಸಾಲು ಬರೆಯುತ್ತೇನೆ: ಜೀನ್, ಬದಲಾವಣೆ, ವಯಸ್ಸು, ಮುಖ್ಯ ಲಕ್ಷಣ, ಮತ್ತು ಒಂದೇ ಒಂದು ಪ್ರಶ್ನೆ. ಕೊನೆಗೆ "ನಿಮ್ಮ ಲ್ಯಾಬಿಗೆ ಚರ್ಮದ ಅಥವಾ ರಕ್ತದ ಮಾದರಿ ಬೇಕೇ?" ಅಂತ. ಈ ಸಾಲಿಗೆ ಉತ್ತರ ಬೇಗ ಬರುತ್ತದೆ. ಇದೇ ಜೀನಿನ ದೋಷವಿರುವ ಮಗುವಿನ ತಾಯಿ ಅಂಬರ್ ಫ್ರೀಡ್ 2018ರಲ್ಲಿ ಎಸ್‌ಎಲ್‌ಸಿ6ಎ1 ಕನೆಕ್ಟ್ ಅನ್ನುವ ಸಂಸ್ಥೆ ಶುರು ಮಾಡಿದರು. ಟೆಕ್ಸಾಸ್‌ನ ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ ಸ್ಟೀವನ್ ಗ್ರೇ ಅವರ ಲ್ಯಾಬಿನಲ್ಲಿ ಜೀನ್ ಥೆರಪಿಯ ಕೆಲಸ ನಡೆಯಲು ಅವರ ಓಡಾಟವೂ ಕಾರಣ. ನಿಮ್ಮ ಮಗುವಿನ ಜೀನಿಗೆ ಅಂಥ ಗುಂಪು ಇಲ್ಲದಿದ್ದರೆ ಜೀನ್‌ಮ್ಯಾಚರ್ ಅನ್ನುವ ವ್ಯವಸ್ಥೆಯಲ್ಲಿ ಡಾಕ್ಟರ್ ಮೂಲಕ ಹೆಸರು ಸೇರಿಸಿ. ಅದೇ ಜೀನಿನ ಮೇಲೆ ಆಸಕ್ತಿ ಇರುವವರನ್ನು ಅದು ಜೋಡಿಸುತ್ತದೆ.

ಜೀನ್ ಥೆರಪಿ ಅಂದ ಕೂಡಲೇ ಮನೆಯವರೆಲ್ಲ ಹಿಗ್ಗುತ್ತಾರೆ. ನನಗೆ ಮಿಲಾ ನೆನಪಾಗುತ್ತಾಳೆ. ಬ್ಯಾಟನ್ ಅನ್ನುವ, ಮೆದುಳು ಹಂತಹಂತವಾಗಿ ಹಾಳಾಗುವ ಜೀನಿನ ಕಾಯಿಲೆಯಿದ್ದ ಆ ಅಮೆರಿಕದ ಹುಡುಗಿಗೆ ಬೋಸ್ಟನ್‌ನ ಡಾಕ್ಟರ್ ಟಿಮತಿ ಯು ಅವರ ತಂಡ ಅವಳೊಬ್ಬಳಿಗಾಗಿಯೇ ಮಿಲಾಸೆನ್ ಅನ್ನುವ ಔಷಧ ಮಾಡಿತು, 2018ರಲ್ಲಿ ಕೊಡಲು ಶುರು ಮಾಡಿತು. ಮೂರ್ಛೆ ಕಡಿಮೆಯಾಯಿತು. ಅವಳು 2021ರಲ್ಲಿ ತೀರಿಕೊಂಡಳು. ಔಷಧ ಕೆಲಸ ಮಾಡುವುದು, ಮಗು ಉಳಿಯುವುದು, ಎರಡೂ ಬೇರೆ ಬೇರೆ. ಕಾಯಿಲೆ ಎಷ್ಟು ಮುಂದೆ ಹೋಗಿದೆ ಅನ್ನುವುದು ನಡುವೆ ನಿಂತಿರುತ್ತದೆ.

ನಮ್ಮ ಮುಂದೆ ಈಗ ಇರುವ ಸಂಕಟ ಇನ್ನೊಂದು. ಇಂಥ ಜೀನ್ ಥೆರಪಿಗಳಲ್ಲಿ ಒಳ್ಳೆಯ ಪ್ರತಿಯನ್ನು ಹೊತ್ತು ತರುವುದು ಸಾಮಾನ್ಯವಾಗಿ ಎಎವಿ ಅನ್ನುವ ವೈರಸ್. ಒಮ್ಮೆ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಬಿಡುತ್ತದೆ, ಅದೇ ವೈರಸ್ಸಿನಲ್ಲಿ ಎರಡನೇ ಸಲ ಕೊಡುವುದು ಈಗಿನ ಮಟ್ಟಿಗೆ ಬಹಳ ಕಷ್ಟ. ಮೊದಲ ಹಂತದ ಪ್ರಯೋಗದಲ್ಲಿ ಮೊದಲು ಸೇರುವ ಮಕ್ಕಳಿಗೆ ಸಿಗುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ ಡೋಸ್. ಅದು ಸಾಲದೆ ಹೋದರೆ, ಮುಂದೆ ಸರಿಯಾದ ಡೋಸ್ ಗೊತ್ತಾದಾಗ ಅದೇ ಮಕ್ಕಳಿಗೆ ಬಾಗಿಲು ಮುಚ್ಚಿರುತ್ತದೆ. ಕಾದು ಕೂತರೆ ವಯಸ್ಸು ಓಡುತ್ತದೆ. ಮನೆಯವರು ಮೊದಲ ಅವಕಾಶಕ್ಕೇ ಸೇರಿಸೋಣ ಅನ್ನುತ್ತಾರೆ, ನನಗೆ ಎರಡನೇ ಡೋಸಿನ ಗುಂಪಿನವರೆಗೆ ಕಾಯೋಣ ಅನಿಸುತ್ತದೆ. ಇಬ್ಬರೂ ಒಪ್ಪಿದ್ದು ಇಷ್ಟಕ್ಕೆ: ಮೊದಲು ಮಗನ ರಕ್ತದಲ್ಲಿ ಆ ವೈರಸ್ಸಿಗೆ ಈಗಾಗಲೇ ಪ್ರತಿಕಾಯ ಇದೆಯೇ ಅಂತ ಪರೀಕ್ಷೆ. ಇದ್ದರೆ ಈ ಜಗಳಕ್ಕೆ ಅರ್ಥವೇ ಇಲ್ಲ. ರಕ್ತ ಕೊಟ್ಟು ಬಂದಿದ್ದೇವೆ, ತಂಗಿ ಈ ವಾರದ ವಿಡಿಯೋಗಳನ್ನು ಎಣಿಸುತ್ತಿದ್ದಾಳೆ.